ಒಂದು ಸುತ್ತಿನ ಹೂವೇ ಬೇಕು

ಪುಣೆಯ ಬಿಬವೇವಾಡಿಯ ಸೊಸೈಟಿಗಳಲ್ಲಿ ಹೂಗಿಡಗಳಿಗೆ ಬರವಿಲ್ಲ. ಜೇನಿಗೆ ಉಣ್ಣಲು ಸಿಗುವುದು ಮಾತ್ರ ಕಡಿಮೆ. ಇಲ್ಲಿ ಗಿಡ ಬೆಳೆಸುತ್ತ ನಾನು ಕಲಿತದ್ದು ಇದು: ನಮ್ಮ ಕಣ್ಣಿಗೆ ಹಬ್ಬವಾದ ಹೂವು ಹುಳಕ್ಕೆ ಉಪವಾಸವಾಗಬಹುದು. ಮುದ್ದೆ ದಾಸವಾಳದ ಹೆಚ್ಚಿನ ಎಸಳುಗಳು ಕೇಸರಗಳೇ ರೂಪ ಬದಲಿಸಿ ಆದವು. ಅಲ್ಲಿ ಪರಾಗ ಕಡಿಮೆ, ಮಕರಂದದ ದಾರಿಗೂ ಎಸಳು ಅಡ್ಡ. ಡುರಾಂಟಾದ ಕಥೆ ಇನ್ನೂ ಬೇಸರದ್ದು. ಅದರ ನೇರಳೆ ಗೊಂಚಲಿಗೆ ಜೇನು, ದುಂಬಿ ಮುಗಿಬೀಳುತ್ತವೆ. ಆದರೆ ಹೂ ಬಿಡುವುದು ಚಿಗುರಿನ ತುದಿಯಲ್ಲಿ, ಬೇಲಿಯನ್ನು ಸಮ ಮಾಡುವ ಕತ್ತರಿ ಮೊದಲು ಕಡಿಯುವುದೂ ಅದನ್ನೇ. ತುಳಸಿ, ಕಾಮಕಸ್ತೂರಿಯ ಕದಿರನ್ನು ಚಿವುಟದೆ ಬಿಟ್ಟರೆ ಕೋಲುಜೇನಿಗೂ ನಸರಿಗೂ ಊಟವಾಗುತ್ತದೆ.

ಜೇನು ಕಚ್ಚುತ್ತದಲ್ಲ ಎಂಬ ಆಕ್ಷೇಪ ಸಹಜ. ಕೆಣಕಿದ ಹೆಜ್ಜೇನಿನ ಗೂಡು ನಿಜಕ್ಕೂ ಅಪಾಯ. ಆದರೆ ಅದು ಗೂಡು ಕಟ್ಟುವುದು ಎತ್ತರದ ಕಟ್ಟಡ, ಮರಗಳಲ್ಲಿ. ಹೂವಿನ ಮೇಲೆ ಕೂತ ಜೇನು ಹಿಸುಕದ ಹೊರತು ಕಚ್ಚುವುದು ಅಪರೂಪ. ಖಾದಿ ಗ್ರಾಮೋದ್ಯೋಗ ಆಯೋಗ 1962ರಲ್ಲಿ ಜೇನಿಗೆಂದೇ ಕೇಂದ್ರೀಯ ಸಂಶೋಧನಾ ಸಂಸ್ಥೆ ತೆರೆದ ಊರು ಪುಣೆ. ಇಲ್ಲಾದರೂ ಈ ಭಯ ಕರಗಬೇಕು.

ಪತಂಗದ ಲೆಕ್ಕ ಕತ್ತಲಾದ ಮೇಲಿನದು. ಬಿಳಿ ಬಣ್ಣ, ರಾತ್ರಿಯ ಪರಿಮಳ, ಸಪೂರ ಕೊಳವೆಯ ಹೂವು: ಪಾರಿಜಾತ, ರಾತ್ರಿರಾಣಿ, ಒಂದು ಸುತ್ತಿನ ನಂದಬಟ್ಟಲು. ನಂದಬಟ್ಟಲಿನ ಎಲೆಯನ್ನು ಬಾಲದಲ್ಲಿ ಕೊಂಬಿರುವ ದಪ್ಪ ಹಸಿರು ಹುಳ ತಿಂದು ಬೋಳು ಮಾಡುತ್ತದೆ ಎಂದು ದೂರುವವರಿದ್ದಾರೆ. ಆ ಹುಳವೇ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಮಕರಂದ ಹೀರುವ ಪತಂಗವಾಗುವುದು. ಬೇರೂರಿದ ಗಿಡ ಮತ್ತೆ ಚಿಗುರುತ್ತದೆ. ಸತ್ತ ಹುಳ ಪತಂಗವಾಗದು. ಜೇನಿಗೆ ತಾಗದಂತೆ ಸಂಜೆ ಔಷಧಿ ಹೊಡೆದರಾಯಿತು ಎಂಬ ಸಲಹೆಯೂ ಇಲ್ಲಿ ನಿಲ್ಲದು, ಏಕೆಂದರೆ ಪತಂಗದ ಹೊತ್ತು ಅದೇ. ಆದ್ದರಿಂದ ಹೂಗಿಡಕ್ಕೆ ವಿಷವೇ ಬೇಡ ಎನ್ನುತ್ತೇನೆ.

ಜೂನ್‌ನಲ್ಲಿ ಮಳೆ ಹಿಡಿದಾಗ ನರ್ಸರಿಗೆ ಹೋದರೆ, ನಂದಬಟ್ಟಲು ಎಂದರೆ ಇಲ್ಲಿ ತಿಳಿಯದು. ‘ಸಿಂಗಲ್ ತಗರ’ ಎಂದು ಕೇಳಿ. ಪಾರಿಜಾತಕ್ಕೆ ‘ಪ್ರಾಜಕ್ತ’ ಎನ್ನಿ. ಕಾಂಪೌಂಡಿನ ಡುರಾಂಟಾದಲ್ಲಿ ನಾಲ್ಕು ಮಾರಿನಷ್ಟನ್ನಾದರೂ ಕತ್ತರಿಯಿಂದ ಉಳಿಸಿ.