ಚಳಿಗಾಲದಲ್ಲಿ ಎಳೆಯ ಅಡಿಕೆಯ ರಕ್ಷಣೆ

ಮಾರ್ಗಶಿರ ಬಂದೊಡನೆ ಅಡಿಕೆ ಸಸಿಗೆ ಚಳಿ ತಗುಲಿತೆಂದು ಸದಸ್ಯ ಬಾಂಧವರಲ್ಲಿ ಅನೇಕರು ಹೇಳುವುದುಂಟು. ಮಲೆನಾಡು ಕರಾವಳಿಗಳ ತೇವಕ್ಕೆ ಒಗ್ಗಿದ ಈ ಗಿಡ ವಕ್ಕಲೇರಿಯಂಥ ಬಯಲುಸೀಮೆಗೆ ಪರಸ್ಥಳದ್ದೇ ಸರಿ. ಆದರೆ ಚಳಿಯೊಂದನ್ನೇ ದೂರುತ್ತ ಕುಳಿತರೆ ನಿಜವಾದ ಹಾನಿ ಕಣ್ಣಿಗೆ ಬೀಳುವುದಿಲ್ಲ.

ಅಡಿಕೆಗೆ 14ರಿಂದ 36 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತ. ನಮ್ಮ ಹಾಗೆಯೇ ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಇಂಥ ಚಳಿ ಬೆಳವಣಿಗೆಯನ್ನು ಕುಂಠಿತಗೊಳಿಸೀತೇ ಹೊರತು ಗಿಡವನ್ನು ಹೆಪ್ಪುಗಟ್ಟಿಸಿ ಕೊಲ್ಲುವುದಿಲ್ಲ. ಕೊಲ್ಲುವ ಚಳಿಯನ್ನು 1975ರ ಜುಲೈಯಲ್ಲಿ ಬ್ರೆಜಿಲ್ ದೇಶದ ಪರಾನಾ ಪ್ರಾಂತ್ಯ ಕಂಡಿತು. ನೆರಳಿಲ್ಲದೆ ಬೆಳೆದ ಅಲ್ಲಿನ ಕಾಫಿ ತೋಟಗಳು ಕಪ್ಪಿಟ್ಟು ಹೋದವು. ಮೋಡವೂ ಗಾಳಿಯೂ ಇಲ್ಲದ ರಾತ್ರಿ ನೆಲದ ಕಾವು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ; ಮೇಲೆ ಮರದ ಮರೆಯಿದ್ದರೆ ಅದೇ ಕಂಬಳಿ.

ನಮ್ಮಲ್ಲಿ ಶತ್ರುವೆಂದರೆ ಚಳಿಗಾಲದ ಬಿಸಿಲು. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಮಧ್ಯಾಹ್ನದ ಮೇಲೆ ನೈರುತ್ಯದಿಂದ ಬರುವ ಓರೆ ಬಿಸಿಲು ಎಲೆಗಳ ಕೊಡೆಯಡಿಯಲ್ಲಿ ನುಗ್ಗಿ ಕಾಂಡಕ್ಕೇ ಹೊಡೆಯುತ್ತದೆ. ಹಸಿರು ಕಾಂಡದ ಮೇಲೆ ಮೊದಲು ಹೊಂಬಣ್ಣದ ಮಚ್ಚೆ ಕಾಣಿಸಿ, ಅದು ಕಂದಾಗಿ, ಕೊನೆಗೆ ಸೀಳು ಬಿಡುತ್ತದೆ. ಸೀಳಿನಲ್ಲಿ ಶಿಲೀಂಧ್ರ ಸೇರುತ್ತದೆ. ಈ ಗಾಯ ಮಾಯುವುದಿಲ್ಲ. ಅಡಿಕೆ ಮರಕ್ಕೆ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚುವ ಶಕ್ತಿಯಿಲ್ಲ. ಐದಾರು ವರ್ಷ ನೀರೆರೆದು ಫಸಲಿನ ಹೊಸ್ತಿಲಿಗೆ ತಂದ ಮರ ಒಂದು ಗಾಳಿಗೆ ಅದೇ ಜಾಗದಲ್ಲಿ ಮುರಿದು ಬೀಳುವುದು ಇದರಿಂದಲೇ.

ಆದಕಾರಣ ದೀಪಾವಳಿಯೊಳಗೆ ತೋಟದ ದಕ್ಷಿಣ ಮತ್ತು ಪಶ್ಚಿಮದ ಅಂಚಿನ ಮರಗಳನ್ನು ಒಮ್ಮೆ ನೋಡಿಬರಬೇಕು. ಬಿಸಿಲಿಗೆ ಬಿದ್ದ ಕಾಂಡಕ್ಕೆ ಒಣಗಿದ ಅಡಿಕೆ ಸೋಗೆಯನ್ನೋ ಹಾಳೆಯನ್ನೋ ಸುತ್ತಿ ಕಟ್ಟಿದರೆ ಸಾಕು, ಖರ್ಚೇನೂ ಇಲ್ಲ. ಬೆಳಕು ತೂರುವ ಪ್ಲಾಸ್ಟಿಕ್ಕನ್ನು ಸುತ್ತಬಾರದು. ಒಳಗೆ ಕಾವು ಹೆಚ್ಚುತ್ತದೆ. ಈ ಅಂಚುಗಳಲ್ಲಿ ಬೇಗ ಬೆಳೆಯುವ ಅಗಸೆ, ನುಗ್ಗೆಗಳನ್ನು ಹಾಕಬಹುದು. ನೀಲಗಿರಿ ಮಾತ್ರ ಬೇಡ, ನಮ್ಮ ಬೋರ್‌ವೆಲ್ಲಿನ ನೀರಿಗೆ ಅದು ಪಾಲುದಾರನಾಗುತ್ತದೆ. ಹೊಸದಾಗಿ ತೋಟ ಹಾಕುವವರು ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ಓರೆಯಾಗಿಸಿ, 9 ಅಡಿ ಅಂತರ ಕೊಟ್ಟರೆ ಒಂದು ಮರ ಇನ್ನೊಂದಕ್ಕೆ ಮರೆಯಾಗುತ್ತದೆ. ನಡುವೆ ಬಾಳೆ ಇರಲಿ.

ಸಣ್ಣ ಸಸಿಗಳಿಗೆ ತೆಂಗಿನ ಗರಿಯ ಚಪ್ಪರ ಉತ್ತಮ. ಹಗಲು ನೆರಳು, ರಾತ್ರಿ ಕಂಬಳಿ. ಒಣಗಾಳಿ ಬೀಸುವ ಈ ತಿಂಗಳುಗಳಲ್ಲಿ ಚಳಿಯೆಂದು ನೀರು ನಿಲ್ಲಿಸುವುದು ಸರಿಯಲ್ಲ. ಒಣಮಣ್ಣಿಗಿಂತ ತೇವದ ಮಣ್ಣು ಹಗಲಿನ ಕಾವನ್ನು ಹೆಚ್ಚು ಹಿಡಿದಿಡುತ್ತದೆ. ಕಾಲುವೆಯಲ್ಲಿ ನೀರು ಹಾಯಿಸುವವರು ನವೆಂಬರ್, ಡಿಸೆಂಬರಿನಲ್ಲಿ ವಾರಕ್ಕೊಮ್ಮೆಯಾದರೂ ಕೊಡಬೇಕು. ಬುಡದ ಮುಚ್ಚಿಗೆಗೆ ದನದ ಬಾಯಿಯ ರಾಗಿ ಹುಲ್ಲನ್ನು ಕಿತ್ತು ತರಬೇಕಾಗಿಲ್ಲ. ಅವರೆ ಹೊಟ್ಟು, ಒಣ ಗರಿ ಸಾಕು. ಯೂರಿಯಾವನ್ನು ಮುಂದಿನ ಮಳೆಗಾಲಕ್ಕೆ ಇಟ್ಟುಕೊಳ್ಳುವುದು ಲೇಸು.

ಸಂಕ್ರಾಂತಿ ಕಳೆಯಿತೆಂದು ಚಪ್ಪರವನ್ನು ಕಿತ್ತುಹಾಕಬೇಡಿ. ಮುಂಗಾರು ಚೆನ್ನಾಗಿ ಹಿಡಿದ ಮೇಲೆ, ಮೋಡವಿರುವ ದಿನ ನೋಡಿ ತೆಗೆಯಿರಿ.