*ವಯಸ್ಸಿಗೆ ತಕ್ಕ ಶ್ರುತಿ*

*ಇಂದಿನ ಧಮ್ಮ ಚಿಂತನೆ: ಸಮ್ಮಾ ವಾಯಾಮ*

ಅಷ್ಟಾಂಗ ಮಾರ್ಗದ ಆರನೆಯ ಅಂಗ ಸಮ್ಮಾ ವಾಯಾಮ, ಅಂದರೆ ಸರಿಯಾದ ಪ್ರಯತ್ನ. ಇದು ಮನಸ್ಸಿನ ಸಾಧನೆ. ಆದರೂ ಇದನ್ನು ಅರಿಯಲು ಹಿರಿಯರು ಓಡುವ ಮೈದಾನ ಒಳ್ಳೆಯ ಪಾಠಶಾಲೆ.

ಪಂಜಾಬಿನ ಮಾನ್ ಕೌರ್ ಓಟ ಶುರು ಮಾಡಿದ್ದು 93ನೇ ವಯಸ್ಸಿನಲ್ಲಿ. 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದಲ್ಲಿ, 101ರ ಆ ಅಜ್ಜಿ 100 ಮೀಟರ್ ಓಟವನ್ನು 74 ಸೆಕೆಂಡುಗಳಲ್ಲಿ ಮುಗಿಸಿದರು. ಆ ವಯೋಗುಂಪಿನಲ್ಲಿ ಅವರೊಬ್ಬರೇ ಇದ್ದರು. ಉಳಿದವರು ಮೈದಾನಕ್ಕೇ ಬಂದಿರಲಿಲ್ಲ!

*ದೇಹದ ಸತ್ಯ:* ವಯಸ್ಸಾದಂತೆ ಹೃದಯದ ಗರಿಷ್ಠ ಬಡಿತ ಇಳಿಯುತ್ತದೆ. ಸ್ನಾಯು ಸವೆಯುತ್ತದೆ, ಅದರಲ್ಲೂ ವೇಗಕ್ಕೆ ಬೇಕಾದ ಎಳೆಗಳು ಹೆಚ್ಚು. ದಣಿವಾರಲು, ನೋವು ಮಾಯಲು ಹೆಚ್ಚು ದಿನ ಬೇಕು. ಅಭ್ಯಾಸ ಬಿಡದವರಲ್ಲಿ ಈ ಇಳಿಕೆ ನಿಧಾನ, ಆದರೆ ನಿಲ್ಲುವುದಿಲ್ಲ. ಕೆನಡಾದ ಎಡ್ ವಿಟ್ಲಾಕ್ 73ರಲ್ಲಿ ಮ್ಯಾರಥಾನನ್ನು 3 ಗಂಟೆಯೊಳಗೆ ಓಡಿದರು. 85ರಲ್ಲಿ ಅದೇ ದೂರಕ್ಕೆ ಇನ್ನೊಂದು ಗಂಟೆ ಹೆಚ್ಚು ಬೇಕಾಯಿತು. ಅವರು ಓಡಿದರು, ಅನಿತ್ಯವೂ ಅವರ ಜೊತೆಗೇ ಓಡಿತು.

*ಅಳತೆಯ ನ್ಯಾಯ:* ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಮೇಲೆ ಐದೈದು ವರ್ಷಕ್ಕೆ ಒಂದೊಂದು ಗುಂಪು. ಗುಂಡು ಎಸೆತದಲ್ಲಿ ತರುಣರ ಗುಂಡು 7.26 ಕೆ.ಜಿ., 60 ದಾಟಿದ ಪುರುಷರಿಗೆ 5 ಕೆ.ಜಿ., 80 ದಾಟಿದವರಿಗೆ 3 ಕೆ.ಜಿ. ಇದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ಎಲ್ಲರ ತಲೆಯ ಮೇಲೂ ಒಂದೇ ಭಾರ ಹೊರಿಸಿ ಅದನ್ನು ಸಮಾನತೆ ಎಂದು ಕರೆಯಬಾರದೆಂಬುದು ಬಾಬಾಸಾಹೇಬರ ದಾರಿಯಲ್ಲಿ ನಡೆಯುವ ನಮಗೆ ಹೊಸ ಪಾಠವೇನಲ್ಲ.

*ಬುದ್ಧರ ಮಾತು:* ಸೋಣ ಎಂಬ ಭಿಕ್ಕು ಪಾದಗಳಲ್ಲಿ ರಕ್ತ ಬರುವಷ್ಟು ನಡೆದು ಸಾಧನೆ ಮಾಡಿದ. ಫಲ ಸಿಗದೆ, ಮನೆಗೆ ಮರಳುವ ಯೋಚನೆ ಮಾಡಿದ. ಹಿಂದೆ ಅವನು ವೀಣೆ ನುಡಿಸುತ್ತಿದ್ದವನು. ತಂತಿ ಬಹಳ ಬಿಗಿಯಾದರೆ ನಾದ ಬರುತ್ತದೆಯೇ, ಸಡಿಲವಾದರೆ ಬರುತ್ತದೆಯೇ ಎಂದು ಬುದ್ಧರು ಕೇಳಿದರು. ಪ್ರಯತ್ನಕ್ಕೂ ಹಾಗೆಯೇ ಶ್ರುತಿ ಇರಬೇಕೆಂದು ತಿಳಿಸಿದರು.

ಇಪ್ಪತ್ತರ ಶ್ರುತಿ ಅರವತ್ತಕ್ಕೆ ಹೊಂದುವುದಿಲ್ಲ. ಹಳೆಯ ವೇಗ ಬೇಕೆಂದು ಹಟ ಹಿಡಿದರೆ ಅದು ತಣ್ಹಾ, ಮಂಡಿ ಕೆಡುತ್ತದೆ. "ವಯಸ್ಸಾಯ್ತು, ಇನ್ನೇನು" ಎಂದು ಕೂತರೆ ಅದು ಆಲಸ್ಯ, ಇರುವ ಬಲವೂ ಹೋಗುತ್ತದೆ. ನಮ್ಮ ತಾಯಂದಿರ ಮೈ ಕೂಲಿಯಲ್ಲಿ, ಹೊಲದಲ್ಲಿ ಸವೆದದ್ದು. ಬೇರೆಯವರಿಗಾಗಿ ದುಡಿದ ಆ ಕಾಲುಗಳು ಈಗ ತಮಗಾಗಿ ಅರ್ಧ ಗಂಟೆ ನಡೆಯಲಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರು ಡಾಕ್ಟರನ್ನು ಕೇಳಿ ಶುರು ಮಾಡಲಿ.

*ಇಂದಿನ ಅಭ್ಯಾಸ:* ನನ್ನ ತಂತಿ ಎಲ್ಲಿ ಬಿಗಿ, ಎಲ್ಲಿ ಸಡಿಲ? ಮನೆಯ ಹಿರಿಯರೊಬ್ಬರ ಜೊತೆ, ಅವರ ವೇಗದಲ್ಲೇ ನಡೆಯುತ್ತಾ ಯೋಚಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙