ಹೋಟೆಲಿನ ಅಡುಗೆಮನೆಯಲ್ಲಿ ಪ್ರಥಮ ಚಿಕಿತ್ಸೆ

ಪ್ರಥಮ ಚಿಕಿತ್ಸೆ ಎಂದೊಡನೆ ನಮ್ಮ ಕಣ್ಣೆದುರಿಗೆ ಬರುವುದು ಕಾರ್ಖಾನೆ. ಇದಕ್ಕೆ ಕಾರಣವೂ ಉಂಟು. ಪ್ರತಿ 150 ಕಾರ್ಮಿಕರಿಗೆ ಒಂದರಂತಾದರೂ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು, ಅದರ ಹೊಣೆ ತರಬೇತಿ ಪಡೆದವರ ಮೇಲಿರಬೇಕು ಎಂದು 1948ರ ಕಾರ್ಖಾನೆಗಳ ಅಧಿನಿಯಮವು ವಿಧಿಸಿತು. ಆದರೆ ಅದೇ ಅಧಿನಿಯಮದ ವ್ಯಾಖ್ಯೆಯಲ್ಲಿ ಹೋಟೆಲುಗಳೂ ಉಪಾಹಾರಗೃಹಗಳೂ 'ಕಾರ್ಖಾನೆ' ಎನಿಸಲಿಲ್ಲ. ಮುಂಬಯಿ, ಪುಣೆಗಳ ಉಡುಪಿ ಹೋಟೆಲುಗಳಲ್ಲಿ ದುಡಿಯುವ ಕನ್ನಡಿಗರಾದರೋ ಬೆಂಕಿ, ಕಾದ ಎಣ್ಣೆ, ಹಬೆ, ವಿದ್ಯುತ್ತುಗಳ ನಡುವೆಯೇ ದಿನ ಕಳೆಯುವವರು.

ಅಡುಗೆಮನೆಯಲ್ಲಿ ಹೆಚ್ಚಾಗಿ ಸಂಭವಿಸುವುದು ಸುಟ್ಟಗಾಯ. ಕುದಿಯುವ ಸಾಂಬಾರು ಕೈಮೇಲೆ ಚೆಲ್ಲಿದರೆ ಒಡನೆಯೇ ಆ ಭಾಗವನ್ನು ನಲ್ಲಿಯ ತಣ್ಣೀರಿನ ಧಾರೆಗೆ ಒಡ್ಡತಕ್ಕದ್ದು. ಒಂದೆರಡು ನಿಮಿಷವಲ್ಲ, 20 ನಿಮಿಷಗಳ ಕಾಲ. ಗಿರಾಕಿಗಳು ಕಾಯುತ್ತಿದ್ದಾರೆಂದು ಈ ಅವಧಿಯನ್ನು ಮೊಟಕುಗೊಳಿಸಬಾರದು, ಏಕೆಂದರೆ ಮೇಲ್ಮೈ ತಣಿದಂತೆ ಕಂಡರೂ ಚರ್ಮದ ಒಳಪದರದಲ್ಲಿ ಶಾಖವು ಉಳಿದಿರುತ್ತದೆ. ಮಂಜುಗಡ್ಡೆ ಇಡಕೂಡದು. ಊದಿಕೊಳ್ಳುವ ಮುನ್ನವೇ ಉಂಗುರ, ಕೈಗಡಿಯಾರಗಳನ್ನು ತೆಗೆಯಬೇಕು. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬಾರದು. ಗುಳ್ಳೆಗಳನ್ನು ಒಡೆಯದೆ, ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಬೇಕು. ಅರಿಸಿನ, ಬೆಣ್ಣೆ, ಟೂತ್‌ಪೇಸ್ಟ್, ಶಾಯಿ ಇವನ್ನು ಬಳಿಯುವ ವಾಡಿಕೆ ಹಳೆಯದಾದರೂ ಹಾನಿಕರವೇ ಸರಿ. ನಂಜೇರುವ ಸಂಭವವಲ್ಲದೆ, ವೈದ್ಯರು ಗಾಯವನ್ನು ಪರೀಕ್ಷಿಸುವುದೂ ಕಷ್ಟವಾಗುತ್ತದೆ. ಗಾಯವು ಅಂಗೈಗಿಂತ ದೊಡ್ಡದಾಗಿದ್ದರೆ, ಅಥವಾ ಮುಖ, ಕೈ, ಕೀಲುಗಳ ಮೇಲಾಗಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದು ಅವಶ್ಯ.

ಬಟ್ಟೆಗೆ ಬೆಂಕಿ ತಗುಲಿದವನು ಓಡಕೂಡದು. ನೆಲದ ಮೇಲೆ ಮಲಗಿ ಉರುಳಬೇಕು. ಬಾಣಲೆಯ ಎಣ್ಣೆ ಹತ್ತಿಕೊಂಡರೆ ನೀರು ಸುರಿಯುವುದು ಅತ್ಯಂತ ಅಪಾಯಕರ. ನೀರು ಕ್ಷಣಮಾತ್ರದಲ್ಲಿ ಹಬೆಯಾಗಿ, ಉರಿಯುವ ಎಣ್ಣೆಯನ್ನು ಸುತ್ತಲೂ ಸಿಡಿಸುತ್ತದೆ. ಒಲೆಯನ್ನು ಆರಿಸಿ, ಲೋಹದ ಮುಚ್ಚಳದಿಂದ ಬಾಣಲೆಯನ್ನು ಮುಚ್ಚಬೇಕು. ಅನಿಲದ ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟದೆ ಸಿಲಿಂಡರಿನ ಕವಾಟವನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಹೊರಬಂದು 1906 ಸಂಖ್ಯೆಗೆ ಕರೆ ಮಾಡಬೇಕು.

ಒದ್ದೆ ನೆಲದಲ್ಲಿ ನಿಂತು ಗ್ರೈಂಡರ್ ನಡೆಸುವವರಿಗೆ ವಿದ್ಯುತ್ ಆಘಾತವಾದರೆ, ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕೇ ಹೊರತು ಅವರನ್ನು ಮುಟ್ಟಬಾರದು. ವಿದ್ಯುತ್ತು ನಿಂತ ಬಳಿಕ ಉಸಿರಾಟವನ್ನು ಗಮನಿಸಬೇಕು. ಪ್ರಜ್ಞೆಯೂ ಸಹಜ ಉಸಿರಾಟವೂ ಇಲ್ಲದಿದ್ದಲ್ಲಿ 112ಕ್ಕೆ ಕರೆ ಮಾಡಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು.

ಇನ್ನು ಪೆಟ್ಟಿಗೆಯ ವಿಚಾರ. ಗಲ್ಲಾಪೆಟ್ಟಿಗೆಯ ಬಳಿ ಬೀಗ ಹಾಕಿಟ್ಟು, ಕೀಲಿಯನ್ನು ಮಾಲೀಕರು ಮನೆಗೆ ಒಯ್ದರೆ ಬೆಳಗಿನ ಜಾವ ಇಡ್ಲಿ ಬೇಯಿಸುವವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಅಡುಗೆಮನೆಯ ಬಾಗಿಲಲ್ಲಿ, ಒಲೆಯಿಂದ ದೂರವಾಗಿ, ಬೀಗವಿಲ್ಲದೆ ಅದನ್ನು ಇಡುವುದು ಒಳಿತು. ದೂರವಾಣಿಯ ಪಕ್ಕದಲ್ಲಿ ಹೋಟೆಲಿನ ವಿಳಾಸವನ್ನೂ ಹತ್ತಿರದ ಗುರುತನ್ನೂ ಬರೆದು ಅಂಟಿಸಬೇಕು. ಊರಿನಿಂದ ಹೊಸದಾಗಿ ಬಂದ ಹುಡುಗನಿಗೆ ಮರಾಠಿಯಾಗಲಿ ಹಿಂದಿಯಾಗಲಿ ಬಾರದಿರಬಹುದು. ಕರೆ ಮಾಡಿದಾಗ ಹೇಳಬೇಕಾದ ಎರಡು ವಾಕ್ಯಗಳನ್ನು ಆ ಭಾಷೆಯಲ್ಲೇ, ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಅವನು ಓದಿ ಹೇಳಬಲ್ಲನು.